ಹೌದೋ, ಇಲ್ಲವೋ?

ಪಾರ್ಸೆಲ್ ಕಚೇರಿಯ ಗುಮಾಸ್ತರು ಒಂದು ಸಲ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಎಳೆದು ತೆಗೆದಿದ್ದರು. ಅಂದಿನಿಂದ ಅವರಿಗೆ ಎಕ್ಸ್‌ಪರ್ಟ್ ಎಂದೇ ಹೆಸರು. ಆ ಹಾಳೆ ಅಲ್ಲೇ ಕೊಳೆತಿದ್ದರೆ ಪಾಪ, ಅವರ ಬಾಳು ನೆಮ್ಮದಿಯಾಗಿರುತ್ತಿತ್ತು.

ಅಂದು ಸಂಜೆ ಮಗಳ ಶಾಲೆಯಲ್ಲಿ ನಾಟಕ. ಅವಳದು ಮರದ ಪಾತ್ರ. "ಮರ ಬಾಯಿ ಬಿಡಬಾರದು, ಅಲ್ಲಾಡಬಾರದು ಅಂತ ಟೀಚರ್ ಹೇಳಿದಾರೆ. ನೀನು ಮುಂದಿನ ಸಾಲಲ್ಲೇ ಕೂತ್ಕೋಬೇಕು ಅಪ್ಪಾ. ಹೋದ ಸಲದ ಥರ ಕೈ ಕೊಡಬೇಡ," ಎಂದು ಬೆಳಗ್ಗೆಯೇ ಮಾತು ತೆಗೆದುಕೊಂಡಿದ್ದಳು.

ಕಚೇರಿಗೆ ಕಾಲಿಡುತ್ತಲೇ ಮ್ಯಾನೇಜರು ಅಡ್ಡ ಬಂದರು.

"ಎಕ್ಸ್‌ಪರ್ಟ್, ನೆಟ್ಟಿಗೆ ಹೊಸ ಲೈನ್ ಬಂದಿದೆ. ರೌಟರಿಗೆ ಹೊಸ ವಿಳಾಸ ತುಂಬಿಬಿಡಿ. ಸಣ್ಣ ಕೆಲಸ. ಮುಗಿಸಿ ಬೇಕಾದ್ರೆ ಬೇಗ ಹೋಗಿ."

ರೌಟರು ಪಾಸ್‌ವರ್ಡ್ ಕೇಳಿತು. ಅದು ಗೊತ್ತಿದ್ದವರು ನಿವೃತ್ತರಾದ ಹಳೇ ಸಾಹೇಬರೊಬ್ಬರೇ. ಫೋನ್ ಮಾಡಿದರೆ ಅವರು ಕ್ಷೌರದಂಗಡಿಯಲ್ಲಿದ್ದರು.

"ಪಾಸ್‌ವರ್ಡಾ? ನಂಗೂ ಮರ್ತೋಗಿದೆ. ಚಿಂತೆ ಬೇಡ, ದಾರಿ ಇದೆ. ಆರಿಸಿ ಹಾಕಿ. ಅದು ಏಳ್ತಾ ಇರೋವಾಗ್ಲೇ ತಡೆದು ಒಂದು ನಂಬರ್ ಕೊಡಿ. ಆಗ ಹಳೇ ಸೆಟ್ಟಿಂಗ್ ಏನೂ ಓದದೆ ಏಳುತ್ತೆ, ಪಾಸ್‌ವರ್ಡೂ ಕೇಳಲ್ಲ. ನಂಬರ್ ಬರ್ಕೊಳ್ಳಿ..." ನಂಬರ್ ಹೇಳಿ ಮುಗಿಸುತ್ತಲೇ, "ಉಳಿದಿದ್ದಕ್ಕೆ ಆಮೇಲೆ ಫೋನ್ ಮಾಡಿ, ಕತ್ತಿ ಗಂಟಲ ಹತ್ರ ಬಂತು," ಎಂದು ಇಟ್ಟುಬಿಟ್ಟರು.

ಗುಮಾಸ್ತರು ಹಾಗೆಯೇ ಮಾಡಿದರು. ರೌಟರ್ ಪೆಟ್ಟಿಗೆ ಆಗತಾನೇ ಹುಟ್ಟಿದ ಕೂಸಿನಂತೆ ಪಿಳಿಪಿಳಿ ಕಣ್ಣು ಬಿಟ್ಟು ಕೇಳಿತು: ಮೊದಲಿನಿಂದ ಎಲ್ಲವನ್ನೂ ಹೊಂದಿಸೋಣವೇ? ಹೌದೋ, ಇಲ್ಲವೋ?

"ಹೌದು ಅನ್ರೀ, ಅದಕ್ಕೇ ಅಲ್ವೇ ಕೂತಿರೋದು?" ಎಂದರು ಮ್ಯಾನೇಜರು.

"ಅಯ್ಯೋ, ಇಲ್ಲ ಅನ್ನಿ ಸಾರ್," ಕೌಂಟರಿನ ಮೇಡಂ ಓಡಿ ಬಂದರು. "ನಮ್ಮನೆಯವರು ಫೋನಿಗೆ ಹೌದು ಅಂದು ಫೋಟೋ ಎಲ್ಲಾ ಹೋಯ್ತು."

"ಮೊದ್ಲು ಒಂದೇಟು ತಟ್ಟಿ ನೋಡಿ," ಎಂದಿತು ಗಿರಾಕಿಗಳ ಸಾಲಿನಲ್ಲಿದ್ದ ಯಾವುದೋ ಧ್ವನಿ.

ಗುಮಾಸ್ತರು ಹೌದು ಎಂದರು. ಪೆಟ್ಟಿಗೆ ಪೊಲೀಸರ ಹಾಗೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿತು. ಬೆವರಿ, ಆರಿಸಿ ಹಾಕಿ, ಇಲ್ಲ ಎಂದರು. ಅದು ಮುನಿಸಿಕೊಂಡಂತೆ ಸುಮ್ಮನಾಯಿತು. ಮತ್ತೆ ಹೌದು, ಮತ್ತೆ ಇಲ್ಲ. ಊಟದ ಹೊತ್ತಿಗೆ ಗುಮಾಸ್ತರಿಗೆ ತಾವು ಹಿಂದಿನ ಸಲ ಏನು ಹೇಳಿದ್ದೆವೆಂಬುದೂ ಮರೆತು ತಲೆ ಗಿರ್ರೆಂದಿತು. ಹೊರಗೆ ಸಾಲು ಬೀದಿಗೆ ಬಂದಿತ್ತು.

ಮಧ್ಯಾಹ್ನ ನುಣ್ಣನೆಯ ಗಲ್ಲದ ಹಳೇ ಸಾಹೇಬರು ತಾವೇ ಫೋನ್ ಮಾಡಿದರು. "ಇಲ್ಲ ಅನ್ನಿ. ಹಳೇದನ್ನ ನೀವೇ ಒಳಗೆ ಕರ್ಕೊಳ್ಳಿ, ಹೊಸ ವಿಳಾಸ, ಹೊಸ ಪಾಸ್‌ವರ್ಡ್ ಹಾಕಿ, ಉಳಿಸಿ. ಕೊನೆಗೆ ನಾನು ಹೇಳಿದ ನಂಬರ್ ತೆಗೆದು, ಅದರಲ್ಲಿ ಮೊದಲಿದ್ದ ನಂಬರನ್ನೇ ವಾಪಸ್ ಕೊಡಿ. ಆಗಲೇ ಅದು ಉಳಿಸಿದ್ದನ್ನ ಓದ್ಕೊಂಡು ಏಳೋದು."

ಗುಮಾಸ್ತರು ಒಂದೊಂದಾಗಿ ಮಾಡಿದರು. ಉಳಿಸಿದ್ದೇ ತಡ, ಮೇಡಂ ಕಿರುಚಿದರು: "ಬಂತು! ನೆಟ್ ಬಂತು!" ಸಾಲಿನವರು ಚಪ್ಪಾಳೆ ತಟ್ಟಿದರು. ಮ್ಯಾನೇಜರು ಗುಮಾಸ್ತರ ಎರಡೂ ಕೈ ಹಿಡಿದು ಕುಲುಕಿದರು. ಕೀಬೋರ್ಡಿನಿಂದ ಎದ್ದ ಆ ಕೈಗಳು ಮತ್ತೆ ಅದರ ಮೇಲೆ ಇಳಿಯಲಿಲ್ಲ.

ಸಾಲು ಕರಗಿತು. ಮೇಡಂ ಮನೆಗೆ ಹೋದರು, ಮ್ಯಾನೇಜರು ಟೀ ಕುಡಿಯಲು ಹೋದರು. ಕೊನೆಗೆ ಹೊರಟ ಗುಮಾಸ್ತರು ರೂಢಿಯಂತೆ ಮೇನ್ ಸ್ವಿಚ್ ಇಳಿಸಿದರು. 'ಕೊನೆಗೆ ಹೋಗುವವರು ಮೇನ್ ಆರಿಸತಕ್ಕದ್ದು' ಎಂಬ ಫಲಕ ಅವರದೇ ಮುದ್ದಾದ ಅಕ್ಷರದಲ್ಲಿ ಅಲ್ಲೇ ತೂಗುತ್ತಿತ್ತು.

ಶಾಲೆಯಲ್ಲಿ ಮುಂದಿನ ಸಾಲೇ ಸಿಕ್ಕಿತು. ಪರದೆ ಸರಿಯಿತು. ಹಸಿರು ಕಾಗದದ ಎಲೆಗಳ ನಡುವೆ ಮಗಳ ಮುಖ ಕಂಡು ಅವರ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಜೇಬು ನಡುಗಿತು.

"ಎಕ್ಸ್‌ಪರ್ಟ್, ಯಾವನೋ ಪುಣ್ಯಾತ್ಮ ಮೇನ್ ಆರಿಸಿ ಹೋಗಿದಾನೆ," ಮ್ಯಾನೇಜರ ಧ್ವನಿ. "ಹಾಕಿದ್ರೆ ಪೆಟ್ಟಿಗೆ ಮತ್ತೆ ಅದೇ ಕೇಳ್ತಿದೆ. ಸಂಜೆ ಲಾರಿ ಬಂದು ನಿಂತಿದೆ ಕಣ್ರೀ. ಹೌದು ಅನ್ಲಾ, ಇಲ್ಲ ಅನ್ಲಾ?"

ವಾಪಸ್ ಕೊಡದ ನಂಬರು ಗುಮಾಸ್ತರಿಗೆ ಆಗ ನೆನಪಾಯಿತು.

"ಏನೂ ಅನ್ಬೇಡಿ ಸಾರ್, ಮುಟ್ಟಲೇಬೇಡಿ!"

"ಹೌದು ಅಂದುಬಿಟ್ಟೆನಲ್ರೀ... ಏನೇನೋ ಕೇಳ್ತಿದೆ. ಈಗಲೇ ಬನ್ನಿ!"

ಗುಮಾಸ್ತರು ಬೆನ್ನು ಬಗ್ಗಿಸಿ, ಯಾರಿಗೂ ಕಾಣದಂತೆ ಬಾಗಿಲ ಕಡೆಗೆ ಜಾರಿದರು. ಸಭಾಂಗಣ ನಿಶ್ಶಬ್ದವಾಗಿತ್ತು.

"ಅಪ್ಪಾ!" ಎಂದು ಕೂಗಿತು ಮರ. "ಮತ್ತೆ ಎಲ್ಲಿಗ್ ಹೋಗ್ತಿದೀಯ?"