ಗಂಜಿಗೆ ಒಂಬತ್ತಕ್ಕೆ ಒಂಬತ್ತು

ಆ ಭಾನುವಾರ ಬೆಳಿಗ್ಗೆ ಕನ್ನಡಿಯೆದುರು ನಾಲಿಗೆ ಚಾಚಿ ನಿಂತು ಪ್ರತಿಜ್ಞೆ ಮಾಡಿದೆ: ನೂರೈವತ್ತು ವರ್ಷದ ಹಿಂದೆ ಈ ಊರಿನ ಬಡವರು ಕುಡಿದ ಗಂಜಿಯ ಅಸಲಿ ರುಚಿ ಯಾವುದೆಂದು ಇವತ್ತು ಈ ನಾಲಿಗೆಯೇ ತೀರ್ಪು ಕೊಡುತ್ತದೆ!

ನಾಲಿಗೆಯೂ ಫಳಫಳ ಹೊಳೆಯುತ್ತಿತ್ತು. ಹೊಳೆಯದೆ ಏನು? ಮೂರು ದಿನದಿಂದ ಅದಕ್ಕೆ ಕಾಫಿಯಿಲ್ಲ, ಖಾರವಿಲ್ಲ. ಮನೆಯಲ್ಲಿ ಒಗ್ಗರಣೆಯನ್ನೂ ನಿಷೇಧಿಸಿದ್ದೆ.

ಪೊಟ್ಟಣದ ಆಹಾರ ತಯಾರಿಸುವ ಕಂಪನಿಯಲ್ಲಿ ನಾನು ಹಿರಿಯ ರುಚಿಗಾರ. ಹೊಸ ತಿನಿಸು ಅಂಗಡಿಗೆ ಹೋಗುವ ಮುಂಚೆ ಅದನ್ನು ಮೂಸಿ, ಚಪ್ಪರಿಸಿ, ಒಂಬತ್ತಕ್ಕೆ ಇಷ್ಟು ಎಂದು ಅಂಕ ಹಾಕುವುದು ನನ್ನ ಕಸುಬು. ಹದಿನೆಂಟು ವರ್ಷದಿಂದ ಬಾಯಾಡಿಸಿಯೇ ಸಂಸಾರ ಸಾಕಿದ್ದೇನೆ. ಹೆಂಡತಿಗೆ ಹಳೆಯ ದಾಖಲೆಗಳ ಕಚೇರಿಯಲ್ಲಿ ಕೆಲಸ. ಊರಿನ ಹಿಂದಿನ ಗಂಜಿ ಕೇಂದ್ರದ ಪುಸ್ತಕಗಳನ್ನು ಓದಿ, ಅಲ್ಲಿಗೆ ಬಂದವರ ಹೆಸರು, ಕೆಲಸ, ಮನೆಯಲ್ಲಿದ್ದ ಬಾಯಿಗಳ ಲೆಕ್ಕ ಎಲ್ಲ ಬರೆದಿಡುತ್ತಾಳೆ. ಒಂದು ದಿನ ಊಟ ಮಾಡುತ್ತಾ, ಆ ಗಂಜಿಯನ್ನು ಹೇಗೆ ಕಾಯಿಸುತ್ತಿದ್ದರೆಂದು ಹೇಳಿದಳು. ನಾನು ಮರುದಿನವೇ ಅದನ್ನು ಆಫೀಸಿನಲ್ಲಿ ಒದರಿದೆ. ನಮ್ಮ ಮ್ಯಾನೇಜರಿಗೆ ಮೈ ಜುಮ್ಮೆಂದಿತು.

"ಬಡತನಕ್ಕೆ ಈಗ ಒಳ್ಳೇ ಗಿರಾಕಿ ಇದೆ ಕಣ್ರೀ. ಚಂದದ ಡಬ್ಬಿಗೆ ಹಾಕಿದ್ರೆ ಸಾಕು, ಹೊಟ್ಟೆ ತುಂಬಿದವರೆಲ್ಲ ಕೊಳ್ತಾರೆ."

ವಿಷಯ ತಿಳಿದಿದ್ದ ಹೆಂಡತಿ ಆ ಭಾನುವಾರವೂ ಕೂಗಾಡಲಿಲ್ಲ. ಅದೇ ಭಯ.

"ರುಚಿ ಅಂತ ಕುಡಿದಿದ್ದಲ್ಲ ರೀ ಅದು. ಬೇರೆ ಗತಿ ಇಲ್ದೆ ಕುಡಿದಿದ್ದು," ಎಂದಳು.

"ಅದೇ ವಿಶೇಷ ಕಣೇ. ಗತಿಗೇಡಿನ ರುಚಿ ಗುರುತಿಸೋಕೆ ನನ್ನಂಥ ನಾಲಿಗೆ ಬೇಕು."

"ಗುರುತಿಸಿ, ಗುರುತಿಸಿ. ನಾನಂತೂ ಇವತ್ತು ಅಡಿಗೆಮನೆಗೆ ಕಾಲಿಡಲ್ಲ," ಎಂದು ಹಜಾರದಲ್ಲಿ ತನ್ನ ಟಿಪ್ಪಣಿ ಹಿಡಿದು ಕೂತಳು.

ಪರೀಕ್ಷೆ ನಡೆದದ್ದು ನಮ್ಮ ಮನೆಯಲ್ಲೇ. ಆಫೀಸಿನ ರುಚಿ ಕೋಣೆಗೆ ಸುಣ್ಣಬಣ್ಣ ಆಗುತ್ತಿತ್ತು, ಆ ವಾಸನೆಯಲ್ಲಿ ಯಾವ ಗಂಜಿಯೂ ಬಣ್ಣದ ಡಬ್ಬಿಯಂತೆಯೇ ನಾರುತ್ತಿತ್ತು. "ನಮ್ಮನೆ ಇದೆಯಲ್ಲ ಸಾರ್," ಎಂದು ಎದೆಯುಬ್ಬಿಸಿ ಹೇಳಿದವನು ನಾನೇ. ಹನ್ನೊಂದಕ್ಕೆ ಮ್ಯಾನೇಜರೂ ಮೂವರು ರುಚಿಗಾರರೂ ಬಂದರು. ಅವರಲ್ಲಿ ಮೂಗಿನ ಮೇಷ್ಟ್ರು ಎಂದು ಹೆಸರಾದ ಒಬ್ಬರಿದ್ದಾರೆ. ಮುಚ್ಚಿದ ಡಬ್ಬಿಯ ಬಿಸ್ಕತ್ತನ್ನೂ ಹೊರಗಿನಿಂದಲೇ ಮೂಸಿ ಬೈಯಬಲ್ಲವರು.

ಕಂಪನಿಯ ಅಡಿಗೆಯವರು ಮೂರು ಬಗೆ ಗಂಜಿ ಕಳಿಸುತ್ತೇವೆಂದಿದ್ದರು. ಅಡಿಗೆಮನೆಗೆ ಹೋದರೆ ಕಟ್ಟೆಯ ಮೇಲೆ ನಾಲ್ಕು ಪಾತ್ರೆ. ಒಂದು ಹೆಚ್ಚಾಗಿಯೇ ಕಳಿಸಿದ್ದಾರೆ, ಪುಣ್ಯಾತ್ಮರು ಎಂದುಕೊಂಡು ಉಳಿದವುಗಳಂತೆ ಅದಕ್ಕೂ ಒಂದು ಗುಟ್ಟಿನ ಅಂಕಿಯ ಚೀಟಿ ಅಂಟಿಸಿದೆ: ೫೮೨. ಬಟ್ಟಲುಗಳಿಗೆ ಬಗ್ಗಿಸಿ ಹಜಾರದಲ್ಲಿ ಎಲ್ಲರ ಮುಂದಿಟ್ಟೆ.

ಮೊದಲ ಮೂರಕ್ಕೆ ನಾಲ್ಕು, ಐದು ಅಂಕ ಬಿತ್ತು. ೫೮೨ ಬಾಯಿಗೆ ಹೋದೊಡನೆ ಎಲ್ಲರೂ ಇನ್ನೊಂದು ಗುಟುಕು ಹೀರಿದರು.

"ಆಡಂಬರ ಇಲ್ಲ," ಎಂದರು ಒಬ್ಬರು.

"ಅಂಟಿಕೊಳ್ಳುತ್ತೆ, ಬಡತನ ಅಂಟಿಕೊಂಡ ಹಾಗೆ," ಎಂದರು ಮೂಗಿನ ಮೇಷ್ಟ್ರು, ಕಣ್ಣು ಮುಚ್ಚಿ.

ನಾನು ಹಿಂದೆ ಬೀಳುವುದುಂಟೇ? ಎದ್ದು ನಿಂತೆ. "ಗಮನಿಸಿ ಸಾರ್, ಉಪ್ಪಿಲ್ಲ. ಯಾಕಿಲ್ಲ? ಕಣ್ಣೀರಿನ ಉಪ್ಪೇ ಅವರಿಗೆ ಸಾಕಾಗಿತ್ತು. ಇದೇ ಅಸಲಿ ಗಂಜಿ. ಒಂಬತ್ತಕ್ಕೆ ಒಂಬತ್ತು."

ಮ್ಯಾನೇಜರು ಎರಡನೇ ಬಟ್ಟಲು ಕೇಳಿದರು. ಅಷ್ಟರಲ್ಲಿ ಹಿತ್ತಲಿನಿಂದ ನಮ್ಮತ್ತೆ, ಒದ್ದೆ ಬಟ್ಟೆಯ ಬಕೆಟ್ಟಿನ ಸಮೇತ ಬಂದರು.

"ಅಳಿಯಂದ್ರೇ, ಕಟ್ಟೆ ಮೇಲೆ ಆರೋಕಿಟ್ಟಿದ್ದ ನನ್ನ ಗಂಜಿ ಎಲ್ಲಿ?"

"ಯಾವ ಗಂಜಿ ಅತ್ತೆ?"

"ಬಟ್ಟೆಗೆ ಹಾಕೋ ಗಂಜಿ. ಮೈದಾ ಕಾಯಿಸಿಟ್ಟಿದ್ದೆ." ಮ್ಯಾನೇಜರ ಬಟ್ಟಲಿನೊಳಗೆ ಇಣುಕಿದರು. "ಕುಡಿದ್ಬಿಟ್ರಾ? ಹೋಗ್ಲಿ ಬಿಡಿ, ಇನ್ನೂ ನೀಲಿ ಹಾಕಿರ್ಲಿಲ್ಲ."

ಮೂಗಿನ ಮೇಷ್ಟ್ರು ಕಣ್ಣು ತೆರೆದು, "ನಂಗೆ ಆಗ್ಲೇ ಷರಟಿನ ಕಾಲರ್ ನೆನಪಾಗಿತ್ತು. ದೊಡ್ಡವರ ಮುಂದೆ ಹೇಳೋದು ಹೇಗೆ ಅಂತ ಸುಮ್ಮನಿದ್ದೆ," ಎಂದರು. ಎಂಥ ವಿನಯ!

ನನ್ನ ನೌಕರಿ ಕಣ್ಣೆದುರೇ ಮುಳುಗುತ್ತಿತ್ತು. ಹುಲ್ಲುಕಡ್ಡಿ ಹಿಡಿಯಲು ಹೆಂಡತಿಯ ಕಡೆ ತಿರುಗಿದೆ. "ಹಳೇ ಕಾಲದಲ್ಲಿ ಹೀಗೇ ಇತ್ತೇನೋ, ಅಲ್ವೇನೇ? ಪುಸ್ತಕದಲ್ಲಿ ಏನಾದ್ರೂ ಇದೆಯಾ ನೋಡು."

"ಇದೆ," ಎಂದಳು ಅವಳು. ನನಗೆ ಹೋದ ಜೀವ ಬಂದಂತಾಯಿತು. ಅವಳು ಟಿಪ್ಪಣಿಯ ಒಂದು ಹಾಳೆ ತೆಗೆದು ಶಾಂತವಾಗಿ ಹೇಳಿದಳು. "ಒಬ್ಬ ಮೂಟೆ ಹೊರುವವ. ಮನೇಲಿ ಆರು ಬಾಯಿ. ಮೂರು ದಿನದಿಂದ ಹೊಟ್ಟೆಗೆ ಏನೂ ಬಿದ್ದಿರ್ಲಿಲ್ಲ. ಗಂಜಿ ಕೇಂದ್ರದಲ್ಲಿ ಅವತ್ತು ಧಾನ್ಯ ಮುಗಿದಿತ್ತಂತೆ, ಬಟ್ಟೆ ಗಂಜಿಗೆ ನೀರು ಬೆರೆಸಿ ಬಡಿಸಿದ್ರು. ಇವನು ಬೆರಳದ್ದಿ ನಾಲಿಗೆಗೆ ಮುಟ್ಟಿಸಿದವನೇ, 'ಇದು ಧಣಿಗಳ ಅಂಗಿಗೆ ಹಾಕೋದು' ಅಂತ ಬಟ್ಟಲು ವಾಪಸ್ ಇಟ್ಟ. ಗುಮಾಸ್ತ 'ಸೊಕ್ಕಿನವನು' ಅಂತ ಬರೆದು ಹೆಸರು ಹೊಡೆದು ಹಾಕಿದ."

ಅತ್ತೆ ಬಕೆಟ್ಟು ಕೆಳಗಿಟ್ಟರು. ನನ್ನ ಮೂರು ದಿನದ ಕಾಫಿ ಉಪವಾಸ ನೆನೆದು ನನಗೇ ನಾಚಿಕೆಯಾಯಿತು.

"ಆಮೇಲೆ ಏನಾದ?" ಎಂದು ಮ್ಯಾನೇಜರು ಮೆಲ್ಲಗೆ ಕೇಳಿದರು.

"ಗೊತ್ತಿಲ್ಲ ಸಾರ್. ಮುಂದೆ ಯಾವ ಪುಸ್ತಕದಲ್ಲೂ ಅವನ ಹೆಸರಿಲ್ಲ."

ಮ್ಯಾನೇಜರು ಗಂಜಿಯ ಕಡತವನ್ನು ಮಡಚಿ ಕಂಕುಳಿಗೆ ಸೇರಿಸಿ ಎದ್ದರು. ಬಾಗಿಲ ಬಳಿ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹೆಂಡತಿಗೆ ಹೇಳಿದರು:

"ಅವನ ವಂಶದವರು ಯಾರಾದ್ರೂ ಸಿಕ್ಕಿದ್ರೆ ತಿಳಿಸಮ್ಮಾ. ನಮ್ಮಲ್ಲಿ ಒಂದು ಹಿರಿಯ ರುಚಿಗಾರರ ಜಾಗ ಖಾಲಿಯಾಗೋ ಹಾಗಿದೆ."