ಅಮೀನ ಸಾಹೇಬರ ಶೇರವಾನಿ

ಬಟ್ಟೆ ಒಣಹಾಕಿದ ತಪ್ಪಿಗೆ ಭಾಲ್ಕಿಯ ದರ್ಜಿ ಮಡೆಪ್ಪನ ಹೊಲಿಗೆ ಮಷೀನು ಠಾಣೆ ಸೇರಿತ್ತು.

ಹೊಸ ಬಟ್ಟೆಯನ್ನು ನೀರಲ್ಲಿ ನೆನೆಸಿ, ಒಣಗಿಸಿ, ಆಮೇಲೆಯೇ ಕತ್ತರಿ ಹಾಕುವುದು ಮಡೆಪ್ಪನ ಪದ್ಧತಿ. ಹಾಗೆ ಮಾಡದಿದ್ದರೆ ಮೊದಲ ಒಗೆತಕ್ಕೇ ಅಂಗಿ ಕುಗ್ಗಿ ಗಿರಾಕಿ ಅಂಗಡಿಗೆ ಜಗಳಕ್ಕೆ ಬರುತ್ತಾನೆ. ಆ ದಿನ ಅಂಗಡಿ ಮುಂದಿನ ಹಗ್ಗದ ಮೇಲೆ ಮೂರು ತುಂಡು ಒಣಗುತ್ತಿದ್ದವು. ಮೊದಲು ಗಂಗುಬಾಯಿಯ ಕುಬಸದ ಕೇಸರಿ, ನಡುವೆ ಒಳಪದರಕ್ಕೆಂದು ತಂದ ಬಿಳಿ ಮಲ್‌ಮಲ್, ಕೊನೆಗೆ ಪಕ್ಕದ ಮನೆಯ ಅಕ್ತರಬೀಯ ಹಸಿರು. ಹೀಗೇ ಒಣಹಾಕಬೇಕೆಂದು ಅವನೇನೂ ಯೋಚಿಸಿರಲಿಲ್ಲ. ಕೈಗೆ ಸಿಕ್ಕ ಹಾಗೆ ಹಾಕಿದ್ದ. ಅಷ್ಟರಲ್ಲಿ ನಿಜಾಮನ ಪೊಲೀಸ್ ಠಾಣೆಯ ಅಮೀನ ಸಾಹೇಬರು ಆ ದಾರಿಯಲ್ಲಿ ಬಂದರು.

"ಕಾಂಗ್ರೆಸ್ ಝಂಡಾ ಹೊಲೀತಿಯೇನೋ?"

"ಇಲ್ಲರಿ ಸಾಹೇಬ್ರ! ನಡುವಿಂದು ನಿಮ್ಮ ಶೇರವಾನಿದೇ ಅಸ್ತರ್ರೀ!"

"ನನ್ನ ಅಸ್ತರ್ ಹಚ್ಚಿ ಝಂಡಾ ಮಾಡ್ತಿ?"

ಮಷೀನು ಜಪ್ತಿಯಾಯಿತು. ಕಾಲು ಹಿಡಿದ ಮಡೆಪ್ಪನಿಗೆ ಸಾಹೇಬರು ಒಂದೇ ಮಾತು ಹೇಳಿದರು: "ಶೇರವಾನಿ ತಂದು ಕೊಡು, ಮಷೀನು ಒಯ್ಯಿ. ಅಲ್ಲೀತನ ಅದು ಎಲ್ಲಿ ಓಡಿ ಹೋಗ್ತದ?"

ಆ ಮಷೀನು ಹೆಂಡತಿ ಪುತಳಾಬಾಯಿ ತನ್ನ ಬೆಳ್ಳಿ ಡಾಬು ಮಾರಿ ಕೊಡಿಸಿದ್ದು. ಅದು ತಿರುಗಿದರೆ ಮನೆಯಲ್ಲಿ ರೊಟ್ಟಿ, ನಿಂತರೆ ಬರೀ ನೀರು. ಹಾಗಾಗಿ ಮಡೆಪ್ಪ ಇಡೀ ಶೇರವಾನಿಯನ್ನು ಕೈಯಲ್ಲೇ ಹೊಲಿದ. ಮಷೀನಿನ ಹೊಲಿಗೆಯಂತೆ ಕಾಣಬೇಕೆಂದು ಪ್ರತಿ ಹೊಲಿಗೆಗೂ ಸೂಜಿಯನ್ನು ಹಿಂದೆ ಸರಿಸಿ, ಮುಂದೆ ಎಳೆದು ಬಖಿಯಾ ಹಾಕಿದ. ಗುಂಡಿ ತೂರಿಸುವ ಕಾಜಗಳನ್ನು ಅಕ್ತರಬೀ ರೇಷ್ಮೆ ದಾರದಿಂದ ಕಟ್ಟಿಕೊಟ್ಟಳು. ಭಾಲ್ಕಿಯಲ್ಲಿ ಕಾಜ ಎಂದರೆ ಅವಳದೇ. ಕೊನೆಗೆ ಇಬ್ಬರೂ ಶೇರವಾನಿಯನ್ನು ಗೋಡೆಗೆ ತೂಗುಹಾಕಿ, ಹುಟ್ಟಿದ ಕೂಸನ್ನು ನೋಡುವಂತೆ ಸುಮ್ಮನೆ ನೋಡುತ್ತ ನಿಂತರು.

ಮರುದಿನ ಬೆಳಿಗ್ಗೆ ಅದನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಬಗಲಲ್ಲಿಟ್ಟುಕೊಂಡು ಮಡೆಪ್ಪ ಠಾಣೆಯತ್ತ ಹೊರಟ. ಓಣಿಯ ತಿರುವಿನಲ್ಲಿ ಪಾನಪಟ್ಟಿ ಅಂಗಡಿಯ ಗೋರಖನಾಥ ಬಿಳಿ ಗಾಂಧಿ ಟೋಪಿ ಹಾಕಿ ನಿಂತಿದ್ದ. ಟೋಪಿಯ ಹೊಲಿಗೆ ಸೊಟ್ಟಗಿತ್ತು. ಬೇರೆ ದಿನವಾಗಿದ್ದರೆ ಮಡೆಪ್ಪ ಅದನ್ನು ಅಲ್ಲೇ ಬಿಚ್ಚಿಸುತ್ತಿದ್ದ.

"ಎಲ್ಲಿಗಿ ಹೊಂಟಿ ಮಡೆಪ್ಪಾ?"

"ಅಮೀನ ಸಾಹೇಬ್ರಿಗಿ ಶೇರವಾನಿ ಕೊಟ್ಟು ಬರ್ತೇನಿ."

"ಯಾವ ಅಮೀನ? ನಿಜಾಮ ಶರಣ ಆಗ್ಯಾನ. ಬೀದರಕ್ಕ ಹಿಂದುಸ್ತಾನದ ಪಲಟಣಿ ಬಂದದ. ನಿನ್ನ ಅಮೀನ ನಸುಕಿನ್ಯಾಗೇ ಓಡಿ ಹೋಗ್ಯಾನ!"

ಮಡೆಪ್ಪ ಗಂಟನ್ನು ಎದೆಗವಚಿಕೊಂಡ. "ನನ್ನ ಮಷೀನು?"

"ಮಷೀನು ಹಾಳಾಗ್ಲಿ, ಮೊದಲು ನಿನ್ನ ಜೀವ ನೋಡ್ಕೊ. ಮಧ್ಯಾಹ್ನಕ್ಕ ಹೊಸ ಸಾಹೇಬ್ರು ಬರ್ತಾರ. ಬಗಲಾಗ ಅಮೀನನ ಶೇರವಾನಿ ಕಂಡ್ರ, ಇಂವ ಅಮೀನನ ಮನುಷ್ಯಾ ಅಂತ ಒಳಗ ಹಾಕ್ತಾರ!"

ಮಡೆಪ್ಪ ಗಂಟಿನೊಂದಿಗೆ ವಾಪಸು ಓಡಿದ. ನಿಮಿಷದಲ್ಲಿ ಅರ್ಧ ಓಣಿ ಅವನ ಅಂಗಡಿ ಮುಂದೆ ಸೇರಿತು. ತನ್ನ ಮನೆಗೆ ಬೆಂಕಿ ಬಿದ್ದರೂ ಬಾರದ ಸಖುಬಾಯಿ ಕೂಡ ಸಲಹೆ ಕೊಡಲು ಓಡೋಡಿ ಬಂದಳು.

"ತಿಪ್ಪ್ಯಾಗ ಹುಗೀರಿ."

"ನಾಯಿ ಕೆದರಿ ಹೊರಗ ತೆಗೀತಾವ. ಸುಡ್ರಿ!"

"ಉಣ್ಣಿ ಬಟ್ಟಿ ಸುಟ್ರ ಊರಿಗೆಲ್ಲಾ ವಾಸನಿ ಹೊಡೀತದ."

ಆಗ ಸಂತೆಗೆಂದು ಹಲಬರ್ಗಾದಿಂದ ಬಂದಿದ್ದ ಧೊಂಡಿಬಾ ಮುಂದೆ ಬಂದ. ಅವನು ದೊಡ್ಡಾಟದಲ್ಲಿ ದುರ್ಯೋಧನನ ಪಾತ್ರ ಕಟ್ಟುವವನು. ಶೇರವಾನಿಯನ್ನು ಎದೆಗೆ ಹಿಡಿದು ನೋಡಿ, "ನಮ್ಮ ದುರ್ಯೋಧನನ ಅಂಗಿ ಹರದದರಿ. ಇದಕ್ಕ ಕನ್ನಡಿ, ಜರಿ ಹಚ್ಚಿ ಕೊಡ್ರಿ. ಮಹಾಭಾರತದ ಅಂಗಿನ್ನ ಯಾವ ಸರ್ಕಾರ ಹಿಡೀತದ?" ಎಂದ.

"ಶಾಣ್ಯಾ ಇದ್ದಿ!" ಎಂದು ಗೋರಖನಾಥ ಅವನ ಬೆನ್ನು ಚಪ್ಪರಿಸಿ, ಕತ್ತರಿಯನ್ನು ತಾನೇ ತಂದು ಮಡೆಪ್ಪನ ಕೈಗಿಟ್ಟ.

ನಿಜಾಮನ ಸುದ್ದಿ ಕೇಳಿದ್ದೇ ಅಕ್ತರಬೀ ತನ್ನ ಮನೆಗೆ ಕೀಲಿ ಹಾಕಿ, ಅಂಗಡಿಯ ಹಿಂದೆ ಪುತಳಾಬಾಯಿಯ ಅಡುಗೆಮನೆಯಲ್ಲಿ ಬಂದು ಕೂತಿದ್ದಳು. ಊರಲ್ಲಿ ಮುಸಲ್ಮಾನರಿಗೆ ಯಾವಾಗ ಏನಾಗುವುದೋ ಎಂಬ ಭಯ. ಆ ಭಯ ಸುಳ್ಳೇನೂ ಅಲ್ಲ. ಕತ್ತರಿಯ ಸದ್ದು ಕೇಳಿ ಅವಳು ಬಾಗಿಲಿಗೆ ಬಂದಳು.

"ಕಾಜಕ್ಕ ಕೈ ಹಚ್ಚಬ್ಯಾಡೋ ಭಯ್ಯಾ. ಕಣ್ಣು ಹೋಗೋತನ ಕಟ್ಟೀನಿ."

"ನಾ ಏನ್ ಮಾಡ್ಲಿ ಬೀ? ನನ್ನ ಕೈ ನಾನೇ ಕಡ್ಕೊಂಡಂಗ ಆಗ್ತದ," ಎಂದ ಮಡೆಪ್ಪ. ಅವನ ಕಣ್ಣು ತುಂಬಿದ್ದವು. ಆದರೂ ಕಾಲರು ಹೋಯಿತು, ಕಾಜಗಳ ಪಟ್ಟಿ ಹೋಯಿತು. ಎದೆ ತೆರೆದು ಕನ್ನಡಿಗಳು ಕೂತವು. ಪುತಳಾಬಾಯಿಯ ಹಳೆ ಸೀರೆಯ ಜರಿ ತೋಳಿಗೆ ಬಂತು, ಕೆಳಗೆ ಕೆಂಪು ನಿರಿಗೆ ಜೋತುಬಿತ್ತು. ಊಟದ ಹೊತ್ತಿಗೆ ಅಮೀನ ಸಾಹೇಬರ ಗುರುತು ಕೂಡ ಉಳಿಯಲಿಲ್ಲ. ಧೊಂಡಿಬಾ ಅದನ್ನು ಅಲ್ಲೇ ತೊಟ್ಟು, ಒಂದು ಸುತ್ತು ಕುಣಿದು, ಮೀಸೆ ತಿರುವುತ್ತ ಸಂತೆಗೆ ಹೋದ.

ಮಡೆಪ್ಪ ಠಾಣೆಗೆ ಓಡಿದ. ಗೋರಖನಾಥನೂ ಬೆನ್ನ ಹಿಂದೆಯೇ ಹೋದ. ಒಳಗೆ ಸೊಲ್ಲಾಪುರದ ಕಡೆಯಿಂದ ಬಂದ ಹೊಸ ಸಾಹೇಬರು ಕೂತಿದ್ದರು. ಹಳೆಯ ಸಿಪಾಯಿಗಳ ಪೈಕಿ ಓಡಿಹೋಗದೆ ಉಳಿದವನು ನಿಜಾಮೋದ್ದೀನ ಒಬ್ಬನೇ. ಕೀಲಿಕೈಗಳನ್ನು ಯಾರಿಗೂ ಒಪ್ಪಿಸದೆ ಹೋಗುವುದು ಅವನಿಗೆ ಸರಿ ಕಂಡಿರಲಿಲ್ಲ. ಮೂಲೆಯಲ್ಲಿ ಮಷೀನು ಧೂಳು ಹಿಡಿದು ನಿಂತಿತ್ತು. ಅದನ್ನು ನೋಡಿ ಮಡೆಪ್ಪನಿಗೆ ಅಳುವೇ ಬಂತು.

"ಈ ಮಷೀನು ಯಾರದು?" ಎಂದರು ಸಾಹೇಬರು.

ನಿಜಾಮೋದ್ದೀನನಿಗೆ ಮಡೆಪ್ಪನ ಮೇಲೆ ಮೊದಲಿನಿಂದಲೂ ಕನಿಕರ. ಉಪಕಾರ ಮಾಡುವ ಹುರುಪಿನಲ್ಲಿ ಮುಂದೆ ಬಂದು ಹೇಳಿದ: "ಇವಂದೇ ಹುಜೂರ್. ಪಾಪ, ಕಾಂಗ್ರೆಸ್ ಝಂಡಾ ಹೊಲೀತಾನ ಅಂತ ಅಮೀನ ಸಾಹೇಬ್ರು ಜಪ್ತ ಮಾಡಿದ್ರರಿ."

ಸಾಹೇಬರು ಕುರ್ಚಿಯಿಂದ ಎದ್ದೇ ನಿಂತರು. ಬಂದವರೇ ಮಡೆಪ್ಪನನ್ನು ಅಪ್ಪಿಕೊಂಡರು.

"ನಿಜಾಮನ ರಾಜ್ಯದಾಗ ಝಂಡಾ ಹೊಲ್ದೀರಿ!"

"ಇಲ್ಲರಿ, ಅದು ಗಂಗುಬಾಯಿ ಕುಬಸದ್ದು..." ಎನ್ನುವಷ್ಟರಲ್ಲಿ ಗೋರಖನಾಥ ಅವನ ಕಾಲು ತುಳಿದ. ಕಿವಿಯಲ್ಲಿ ಉಸುರಿದ: "ಝಂಡಾ ಅಲ್ಲ ಅಂದ್ರ, ಮತ್ತೇನು ಹೊಲೀತಿದ್ದಿ ಅಂತ ಕೇಳ್ತಾರ. ಅಮೀನನ ಶೇರವಾನಿ ಅಂತ ಹೇಳ್ತಿಯೇನು?"

ಮಡೆಪ್ಪ ಹೋಗಿ ಮಷೀನಿನ ಮೇಲಿನ ಧೂಳು ಒರೆಸತೊಡಗಿದ.

"ಈ ಮಷೀನು ಇನ್ನ ನಿಮ್ಮೊಬ್ಬರದಲ್ಲ, ದೇಶದ್ದು," ಎಂದರು ಸಾಹೇಬರು. "ಬೀದರದ ಕಚೇರಿಯೊಳಗ ಗಾಜಿನ ಪೆಟ್ಟಿಗಿ ಮಾಡಿಸಿ ಇಡಸ್ತೇನಿ. ಮಂದಿ ನೋಡಬೇಕು."

"ಸಾಹೇಬ್ರ, ಅದು ಹೋದ್ರ ನಾ ಹೊಟ್ಟಿಗಿ ಏನ್ ತಿನ್ಲಿರಿ?" ಎನ್ನುತ್ತ ಮಡೆಪ್ಪ ಬಿಕ್ಕಿ ಬಿಕ್ಕಿ ಅತ್ತ.

"ನೋಡ್ರಿ, ಆನಂದಕ್ಕ ಮಾತೂ ಹೊಂಡವಲ್ದು!" ಎಂದರು ಸಾಹೇಬರು. ಯಾರೋ ತಮಗೆ ಹಾಕಿದ್ದ ಚೆಂಡುಹೂವಿನ ಹಾರವನ್ನು ತೆಗೆದು ಮಷೀನಿನ ಕೊರಳಿಗೆ ಹಾಕಿದರು. ಆಮೇಲೆ ಕಣ್ಣೊರಸಿಕೊಂಡು, "ಇನ್ನೊಂದು ಕೆಲಸ ಅದ. ಮೆರವಣಿಗಿಗಿ ನನಗ ಉದ್ದನ್ನ ಕೋಟು ಬೇಕು. ಕೊರಳ ಮುಚ್ಚಿದ್ದು, ಮಣಕಾಲತನ ಬರೋದು. ದಿಲ್ಲಿಯೊಳಗ ದೊಡ್ಡವರೆಲ್ಲಾ ಅದನ್ನೇ ಹಾಕ್ಕೋತಾರ," ಎಂದರು.

"ಶೇರವಾನಿರೀ?" ಮಡೆಪ್ಪನ ದನಿ ಬಾವಿಯೊಳಗಿಂದ ಬಂದಂತಿತ್ತು.

"ಹಾಂ, ಅದೇ. ಹೊಲಿದು ತಯಾರಿದ್ದದ್ದು ಸಿಕ್ಕರೂ ನಡೀತದ."

ಮಡೆಪ್ಪ ಗೋರಖನಾಥನತ್ತ ತಿರುಗಿದ. ಗೋರಖನಾಥ ಟೋಪಿ ಸರಿಮಾಡಿಕೊಳ್ಳುತ್ತ ಕಿಟಕಿಯ ಹೊರಗೆ ನೋಡಿದ. ಅಲ್ಲಿ ದುರ್ಯೋಧನ ಕನ್ನಡಿ ಮಿಂಚಿಸುತ್ತ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದ.

"ಚಿಂತಿ ಬ್ಯಾಡರಿ ಸಾಹೇಬ್ರ," ಎಂದ ಗೋರಖನಾಥ. "ಇಂವ ಕೈಲೇ ಹೊಲೀತಾನರಿ. ಮಷೀನು ಬೇಕೇ ಇಲ್ಲ."

ಸಂಜೆ ಸಾಹೇಬರು ಕೊಟ್ಟ ಹೊಸ ಉಣ್ಣೆ ಬಟ್ಟೆಯನ್ನು ಬಗಲಲ್ಲಿಟ್ಟುಕೊಂಡು ಬಂದ ಗಂಡನನ್ನು ಪುತಳಾಬಾಯಿ ಹೊಸ್ತಿಲಲ್ಲೇ ತಡೆದಳು.

"ಮಷೀನು ಎಲ್ಲಿ?"

"ಅದಕ್ಕ ಹಾರ ಹಾಕ್ಯಾರ," ಎಂದು ಮಡೆಪ್ಪ ಗೋಡೆಗೆ ಒರಗಿ ಕುಸಿದು ಕೂತ.

ಅಡುಗೆಮನೆಯಿಂದ ಅಕ್ತರಬೀ ಹೊರಬಂದು ರೇಷ್ಮೆ ದಾರದ ಉಂಡೆ ಹುಡುಕಿದಳು.

"ಕಾಜ ಎಷ್ಟು ಭಯ್ಯಾ?"

"ಹೋದ ಸಲದಷ್ಟೇ," ಎಂದ ಮಡೆಪ್ಪ.