ಧರ್ಮರಾಜನ ಹವಳದ ತೋಟ

ಎಲ್ಲಕ್ಕೂ ಕಾರಣ ಪ್ರಿಯದರ್ಶಿನಿಯವರು ಆಡಿದ ಒಂದು ಮಾತು. ಇಂಡಿ ಪಟ್ಟಣದ ಒಂದು ಓಣಿಯ ಮಹಿಳಾ ಸಂಘಕ್ಕೆ ಅವರು ಅಧ್ಯಕ್ಷೆ. ಹೋದ ತಿಂಗಳ ಸಭೆ ಧರ್ಮರಾಜನ ಮನೆಯಲ್ಲಿ ನಡೆದಾಗ, ಚಹಾದ ಕಪ್ಪು ಹಿಡಿದು ಪಡಸಾಲೆಯ ಗಾಜಿನ ತೊಟ್ಟಿಯ ಮುಂದೆ ನಿಂತು, "ಇಷ್ಟು ದೊಡ್ಡ ತೊಟ್ಟ್ಯಾಗ ಎರಡ ಮೀನ ಏನ್ರಿ? ಬಯಲಾಟ ಮುಗದ ಮ್ಯಾಲಿನ ಅಟ್ಟದಂಗ ಕಾಣಸ್ತೈತಿ" ಎಂದಿದ್ದರು.

ಧರ್ಮರಾಜ ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದ ನೌಕರ. ಕಬ್ಬಿನ ರಸದ ಹನಿಯೊಂದನ್ನು ಗಾಜಿನ ಮೇಲೆ ಬಿಟ್ಟು, ಕೊಳವೆಯಂಥ ಉಪಕರಣಕ್ಕೆ ಕಣ್ಣು ಹಚ್ಚಿ, ಸಿಹಿ ಎಷ್ಟಿದೆ ಎಂದು ಹೇಳುವುದು ಅವನ ಕೆಲಸ. ಮನೆಯಲ್ಲಿಯೂ ಅಂಥದೇ ಒಂದು ಉಪಕರಣವಿತ್ತು. ಅದರಲ್ಲಿ ಅವನು ಉಪ್ಪು ನೋಡುತ್ತಿದ್ದ. ಸಮುದ್ರವನ್ನು ಅವನು ಕಂಡದ್ದು ಒಂದೇ ಸಲ, ಗೋಕರ್ಣದಲ್ಲಿ, ಹೆಂಡತಿ ಸುನೀತಾಳ ಚಪ್ಪಲಿ ತೆರೆಯಲ್ಲಿ ಕೊಚ್ಚಿಹೋದ ದಿನ. ಸುನೀತಾ ಚಪ್ಪಲಿಗಾಗಿ ಮರುಗಿದಳು, ಅವನು ಸಮುದ್ರಕ್ಕೆ ಮರುಳಾದ. ಅದಾದ ಮೇಲೆ ಪಡಸಾಲೆಗೆ ಉಪ್ಪುನೀರಿನ ತೊಟ್ಟಿ ಬಂತು, ಎರಡು ಕೇಸರಿ ಪಟ್ಟೆಯ ಮೀನು ಬಂದವು. ಮೂರು ವರ್ಷ ಎಲ್ಲ ಸುಸೂತ್ರವಾಗಿತ್ತು. ಈಗ ಅಟ್ಟದ ಮಾತು ಮುಳ್ಳಿನ ಹಾಗೆ ಚುಚ್ಚತೊಡಗಿತು.

ಸೊಲ್ಲಾಪುರದಲ್ಲಿ ಮೀನಿನ ಅಂಗಡಿ ಇಟ್ಟ ಮಂಜೂರನಿಗೆ ಫೋನು ಮಾಡಿದ. ಮಂಜೂರ ಹೇಳಿದ: "ಹವಳ ಹಚ್ಚಿಬಿಡ್ರಿ ಸರ. ತ್ವಾಟ ಅರಳಿದಂಗ ಅರಳ್ತಾವ. ಸಮುದ್ರದಾಗಿಂದ ಕಿತ್ತು ತಂದದ್ದಲ್ಲ, ತೊಟ್ಟ್ಯಾಗನ ಬೆಳಸಿದ್ದು, ಬಿಲ್ ಸಮೇತ ಕಳಸ್ತೇನಿ. ಖರೆ ಹಳೇ ಉಸುಕು ತಗೀಬೇಕು, ಅರ್ಧ ನೀರ ಹೊಸಾದ ಹಾಕಬೇಕು. ನೀರ ಮಾತ್ರ ಚೊಕ್ಕ ಇರಬೇಕ ನೋಡ್ರಿ."

ಸುನೀತಾ ಒಪ್ಪಿದಳು, ಒಂದು ಕರಾರಿನ ಮೇಲೆ. "ಆಯ್ತವಾರ ಸಂಜಿ ಐದಕ್ಕ ಸಂಘದ ಮಂದಿ ಮತ್ತ ಬರ್ತಾರ. ಅಷ್ಟರಾಗ ನನ್ನ ಪಡಸಾಲಿ ನನಗ ಬೇಕ್ರಿ."

"ಎರಡಕ್ಕ ಮುಗಿಸ್ತೇನಿ" ಎಂದ ಧರ್ಮರಾಜ.

ರವಿವಾರ ಬೆಳಿಗ್ಗೆ ಐದು ದೊಡ್ಡ ಕ್ಯಾನು ಹಿಡಿದು ಶುದ್ಧ ನೀರಿನ ಘಟಕದ ಸರತಿಯಲ್ಲಿ ನಿಂತ. ಹಿಂದೆಯೇ ಎದುರುಮನೆಯ ಶೇವಂತೆವ್ವ ಒಂದು ಕೊಡ ಹಿಡಿದು ನಿಂತಿದ್ದಳು.

"ಯಾರಾರ ಬೀಗರು ಬರಾವ್ರದಾರೇನೋ?"

"ಇಲ್ಲ ಆಯಿ. ಮೀನಿಗೆ."

"ಮೀನಿಗಿ ಕುಡ್ಯಾಕ ಈ ನೀರು?"

"ಕುಡ್ಯಾಕಲ್ಲ. ಉಪ್ಪ ಹಾಕಿ ಬಿಡಾಕ."

ಶೇವಂತೆವ್ವ ಕೊಡ ಕೆಳಗಿಟ್ಟಳು. "ನಮ್ಮ ಬೋರಿನ ನೀರು ಉಪ್ಪ ಅಂತ ಓಣ್ಯಾವರೆಲ್ಲಾ ಇಲ್ಲಿ ಬಂದು ನಿಂತೇವಿ. ನೀ ಇಲ್ಲಿಂದ ಸೀ ನೀರ ಒಯ್ದು ಅದಕ್ಕ ಉಪ್ಪ ಹಾಕ್ತಿ?"

"ಆ ಉಪ್ಪ ಬ್ಯಾರೆ, ಈ ಉಪ್ಪ ಬ್ಯಾರೆ ಆಯಿ."

ಧರ್ಮರಾಜ ಕ್ಯಾನು ಹೊತ್ತು ಮನೆ ಮುಟ್ಟುವುದರೊಳಗೆ ಆ ಮಾತು ಅವನಿಗಿಂತ ಮೊದಲೇ ಓಣಿ ಮುಟ್ಟಿತ್ತು. ಕಟ್ಟೆಯ ಮೇಲೆ ಲಿಂಬೆ ತೋಟದ ನಬಿಲಾಲ ಕಾಕಾ ಕೂತಿದ್ದರು. "ನಮ್ಮ ಬೋರ ಚಾಲೂ ಮಾಡಲೇನು ಧರ್ಮಣ್ಣ? ಉಪ್ಪಿನ ಖರ್ಚ ಉಳೀತೈತಿ" ಎಂದರು. ತಮಾಷೆಗಲ್ಲ, ಮನಸಾರೆ ಕೇಳಿದ್ದರು.

ಮೀನುಗಳನ್ನು ಬಕೆಟ್ಟಿಗೆ ಇಳಿಸಿ, ಗಾಳಿ ಊದುವ ಸಣ್ಣ ಪಂಪು ಹಚ್ಚಿ ಬಚ್ಚಲಲ್ಲಿಟ್ಟ. ಹಳೆಯ ಉಸುಕು ಕೆದರಿದಾಗ ಮೂರು ವರ್ಷದ ಕೊಳೆ ಒಮ್ಮೆಲೇ ಎದ್ದಿತು. ಉಸುಕನ್ನು ಅಂಗಳದಲ್ಲಿ ಸುರಿದ ಐದು ನಿಮಿಷದೊಳಗೆ ಓಣಿಯ ಕಿಟಕಿಗಳೆಲ್ಲ ಮುಚ್ಚಿ, ಬಾಗಿಲುಗಳೆಲ್ಲ ತೆರೆದವು. ಇಲಿ ಸತ್ತಿದೆಯೆಂದು ಒಬ್ಬರು, ಗಟಾರ ಒಡೆದಿದೆಯೆಂದು ಇನ್ನೊಬ್ಬರು ಬಂದರು. ಬಂದವರು ಮೂಗು ಮುಚ್ಚಿಕೊಂಡರೇ ಹೊರತು ಯಾರೂ ಹೋಗಲಿಲ್ಲ.

ಹನ್ನೊಂದಕ್ಕೆ ಕರೆಂಟು ಹೋಯಿತು. ಲೈನಿನ ಕೆಲಸ ನಡೆದಿದೆಯಂತೆ, ನಾಲ್ಕಕ್ಕೆ ಬರುತ್ತದಂತೆ. ಬಚ್ಚಲಲ್ಲಿ ಪಂಪಿನ ಗುಳುಗುಳು ನಿಂತಿತು. ಅರ್ಧ ಗಂಟೆಯಲ್ಲಿ ಎರಡೂ ಮೀನು ಮೇಲಕ್ಕೆ ಬಂದು ಬಾಯಿ ತೆರೆಯತೊಡಗಿದವು. ಧರ್ಮರಾಜ ಓಡಿಹೋಗಿ ತಂಬಿಗೆ ತಂದ.

"ನೀರಿಗಿ ಗಾಳಿ ಬೇಕು" ಎಂದ. "ತಂಬಿಗಿಲೆ ಎತ್ತಿ ಎತ್ತಿ ಹಾಕಬೇಕು."

ಶೇವಂತೆವ್ವ ಸೀರೆ ಸೆರಗು ಸಿಕ್ಕಿಸಿ ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತಳು. ಬಿಸಿ ಹಾಲು ಆರಿಸುವಂತೆ ತಂಬಿಗೆಯಲ್ಲಿ ನೀರೆತ್ತಿ ಮೇಲಿನಿಂದ ಸುರಿಯತೊಡಗಿದಳು. ಕೈ ಸೋತಾಗ ಸುನೀತಾ, ಸುನೀತಾಳ ಕೈ ಸೋತಾಗ ಪಕ್ಕದ ಮನೆಯವರು, ಹೀಗೆ ಪಾಳಿ ಬಿತ್ತು. ನಬಿಲಾಲ ಕಾಕಾ ಎದ್ದು ಹೋಗಿ, ಬೆನ್ನಿಗೆ ಕಟ್ಟುವ ಬ್ಯಾಟರಿ ಪಂಪು ಹೊತ್ತು ಬಂದರು.

"ಸರೀರಿ ಎಲ್ಲಾರೂ. ಇದರಿಂದ ಹೊಡದ್ರ ಗಾಳೀನೂ ಹೊಕ್ಕತೈತಿ, ನೀರೂ ಹೊಕ್ಕತೈತಿ."

"ಕಾಕಾ, ಇದು ಔಷಧ ಹೊಡಿಯೂ ಪಂಪಲ್ಲೇನ್ರಿ?"

"ತೊಳದೇನಿ ತಮ್ಮಾ. ನಿನ್ನೆ ಅಷ್ಟ ಲಿಂಬಿಗಿ ಹೊಡದಿದ್ದೆ, ಹುಳಾ ಎಲ್ಲಾ ಉದುರಿ ಬಿದ್ದಾವ."

ಧರ್ಮರಾಜ ಬಕೆಟ್ಟಿಗೆ ಅಡ್ಡಲಾಗಿ ಕೂತುಬಿಟ್ಟ. ಪಂಪು ಅಂಗಳಕ್ಕೆ ವಾಪಸು ಹೋಗುವವರೆಗೂ ಏಳಲಿಲ್ಲ. ಕಾಕಾ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ಆದರೆ ಇನ್ನೇನಾದರೂ ನೆರವಾಗಬೇಕೆಂದು ಅಲ್ಲಿಯೇ ಉಳಿದರು.

ಮಧ್ಯಾಹ್ನ ಸೊಲ್ಲಾಪುರದ ಬಸ್ಸಿಗೆ ಮಂಜೂರನ ಪೆಟ್ಟಿಗೆ ಬಂತು. ಕಂಡಕ್ಟರು ಅದನ್ನು ಎರಡು ಬೆರಳಲ್ಲಿ ತೋರಿಸಿ, "ಒಯ್ರಿ ಲಗೂನ. ಏನ ಸತ್ತೈತಿ ಅಂತ ಚಡಚಣದಿಂದ ಮಂದಿ ಕೇಳಾಕತ್ತಾರ" ಎಂದ. ಒಳಗೆ ಒದ್ದೆ ಕಾಗದದಲ್ಲಿ ಸುತ್ತಿದ ಸಮುದ್ರದ ಕಲ್ಲುಗಳು, ನೀರು ತುಂಬಿದ ಮೂರು ಚೀಲಗಳಲ್ಲಿ ಮೂರು ಹವಳ.

ಶೇವಂತೆವ್ವ ಚೀಲ ಎತ್ತಿ ನೋಡಿದಳು. "ಹವಳ ಅಂದ್ರ ಉಂಗರದಾಗ ಹಾಕೋತಾರಲ್ಲ, ಅದಾ? ನಮ್ಮ ಮೊಮ್ಮಗಳಿಗೆ ಕುಜದೋಷ ಐತಿ. ಒಂದು ಚೂರ ಕೊಡು."

"ಇದಕ್ಕ ಜೀವ ಐತಿ ಆಯಿ."

"ಹಂಗಾದ್ರ ಬ್ಯಾಡ."

ಉಪ್ಪು ಬೆರೆಸಿ, ಕೊಳವೆಗೆ ಕಣ್ಣು ಹಚ್ಚಿ, ಉಪ್ಪಿನ ಅಳತೆ ಸಮುದ್ರದಷ್ಟೇ, ಮೂವತ್ತೈದಕ್ಕೆ, ಬರುವವರೆಗೆ ಕಲಕಿದ. ಹೊಸ ಉಸುಕು ಹಾಸಿದ, ಕಲ್ಲು ಜೋಡಿಸಿದ, ತೆಗೆದಿಟ್ಟ ಹಳೆಯ ನೀರನ್ನೂ ಹೊಸ ನೀರನ್ನೂ ಸುರಿದ. ನಾಲ್ಕಕ್ಕೆ ಕರೆಂಟು ಬಂದಾಗ ತೊಟ್ಟಿಯ ಪಂಪು ತಿರುಗಿತು, ಹವಳಕ್ಕೆಂದು ಹಾಕಿದ ಹೊಸ ದೀಪ ಹೊತ್ತಿತು. ಮೀನುಗಳೂ ಹವಳಗಳೂ ನೀರಿಗಿಳಿದವು. ಐದಕ್ಕೆ ಸರಿಯಾಗಿ ಅವನು ಕೊನೆಯ ಸಲ ನೆಲ ಒರೆಸುತ್ತಿದ್ದಾಗ ಸಂಘದ ಮಂದಿ ಒಳಗೆ ಬಂದರು.

ತೊಟ್ಟಿಯ ನೀರು ತಿಳಿ ಮಜ್ಜಿಗೆಯ ಹಾಗಿತ್ತು. ಮೂರೂ ಹವಳಗಳು ಹಿಂಡಿ ಇಟ್ಟ ಒರಸುಬಟ್ಟೆಯಂತೆ ಮುದುಡಿದ್ದವು. ಹೆದರಿದ ಮೀನುಗಳು ಕಲ್ಲಿನ ಹಿಂದೆ ಅಡಗಿದ್ದವು. ಪ್ರಿಯದರ್ಶಿನಿಯವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಚಲೋ ಆಗೇದ ಧರ್ಮಣ್ಣಾರ" ಎಂದರು. "ಕಲ್ಲು ಭಾಳ ಚಲೋ ಅದಾವ."

ಧರ್ಮರಾಜನಿಗೆ ಬೆಳಗಿನಿಂದ ಆದ ಆಯಾಸವೆಲ್ಲ ಆಗ ಒಮ್ಮೆಲೇ ಅರಿವಿಗೆ ಬಂತು. ಹಿಡಿದ ಬಟ್ಟೆಯೊಂದಿಗೆ ಅಡಿಗೆಮನೆಗೆ ಹೊರಟಿದ್ದ. ಅಷ್ಟರಲ್ಲಿ ಸುನೀತಾ, "ರೀ, ಇಲ್ಲಿ ನೋಡ್ರಿ, ಇದೇನ ಅರಳೇತಿ" ಎಂದಳು.

ಮುಂದಿನ ಕಲ್ಲಿನ ಮೂಲೆಯಲ್ಲಿ, ಒಂದು ಸಣ್ಣ ತೂತಿನಿಂದ, ಕಂದು ಬಣ್ಣದ ಹೂವೊಂದು ಹೊರಬಂದಿತ್ತು. ಸೇವಂತಿಗೆಯಂತೆ ಸುತ್ತಲೂ ತೆಳ್ಳಗಿನ ಎಸಳು, ನೀರು ತೂಗಿದಂತೆ ತೂಗುತ್ತಿತ್ತು. ಹೆಣ್ಣುಮಕ್ಕಳೆಲ್ಲ ಗಾಜಿಗೆ ಮುತ್ತಿದರು. ಫೋನುಗಳು ಹೊರಬಂದವು. ಸಭೆ ಯಾರಿಗೂ ನೆನಪಾಗಲಿಲ್ಲ.

"ಇದ ನೋಡ್ರಿ ಹವಳ ಅಂದ್ರ" ಎಂದ ಧರ್ಮರಾಜ. ಅವನ ದನಿ ತಾನಾಗಿ ಎತ್ತರಕ್ಕೇರಿತ್ತು. "ಉಳಿದವೂ ಹಿಂಗ ಅರಳ್ತಾವ. ಇದು ಜರ ಹುಷಾರ್ ಐತಿ."

ನಬಿಲಾಲ ಕಾಕಾ ಬಗ್ಗಿ ನೋಡಿದರು. "ಇದು ಕಳೆ, ತಮ್ಮಾ."

"ಸಮುದ್ರದಾಗ ಎಲ್ಲಿ ಕಳೆ ಕಾಕಾ?"

"ಸಮುದ್ರ ನನಗ ಗೊತ್ತಿಲ್ಲ. ನಲವತ್ತು ವರ್ಷ ಕಳೆ ತಗದೇನಿ. ನೀ ಹಚ್ಚಿದ್ದು ಮೂರೂ ಬಾಡಿ ಕೂತಾವ. ನೀ ಹಚ್ಚಲಾರದ್ದು ಒಂದ ನಗಾಕತ್ತೈತಿ. ಕಳೆ ಅಲ್ಲದ ಮತ್ತೇನು?"

ಧರ್ಮರಾಜನಿಗೆ ಕೆಡುಕೆನಿಸಿತು. ಸಂಶಯ ಬಗೆಹರಿಯಲೆಂದು ಹೂವಿನ ಫೋಟೋ ತೆಗೆದು ಮಂಜೂರನಿಗೆ ಕಳಿಸಿ, ಮಾತು ಸರಿಯಾಗಿ ಕೇಳಿಸಲೆಂದು ಮಾಳಿಗೆ ಹತ್ತಿದ. ಒಂದೇ ನಿಮಿಷಕ್ಕೆ ಫೋನು ಬಂತು.

"ಸರ, ತಪ್ಪಾತು. ಕಲ್ಲಿನ ಜೋಡಿ ಬಂದೈತಿ, ನಾ ನೋಡಲಿಲ್ಲ. ಅದು ಹವಳ ಅಲ್ಲ, ಕಳೆ ಇದ್ದಂಗ. ಬೆಳದ್ರ ಹವಳ ಸುಟ್ಟು ಬಿಡ್ತೈತಿ."

ಧರ್ಮರಾಜ ಪ್ರಾಮಾಣಿಕ ಮನುಷ್ಯ. ಹಿರಿಯರ ಮಾತು ನಿಜವಾದಾಗ ಹಾಗೆಂದು ಒಪ್ಪುವುದು ಧರ್ಮ ಎಂದುಕೊಂಡ. ಮಾಳಿಗೆಯ ಅಂಚಿಗೆ ಬಂದು ಅಂಗಳಕ್ಕೆ ಬಗ್ಗಿ ಕೂಗಿದ: "ಕಾಕಾ, ನಿಮ್ಮ ಮಾತ ಖರೆ ಐತ್ರಿ. ಅದು ಕಳೇನ ಅಂತ."

ಕೆಳಗಿನಿಂದ ಕಾಕಾ "ಹಾಂ" ಎಂದದ್ದು ಕೇಳಿಸಿತು. ಬೆಳಗಿನಿಂದ ಅವರ ದನಿಯಲ್ಲಿ ಅಷ್ಟು ಉತ್ಸಾಹ ಬಂದದ್ದು ಅದೇ ಮೊದಲು.

ಮಂಜೂರ ಮುಂದುವರಿಸುತ್ತಿದ್ದ. "ಘಾಬ್ರಿ ಆಗಬ್ಯಾಡ್ರಿ. ಒಂದ ಇದ್ರ ಏನೂ ಆಗಂಗಿಲ್ಲ. ಅದಕ್ಕೊಂದು ಔಷಧ ಐತಿ, ಮಂಗಳವಾರ ಬಸ್ಸಿಗೆ ಇಡ್ತೇನಿ, ಸೂಜಿಲೆ ಅದರ ಬಾಯಾಗ ಬಿಡಬೇಕು. ಅಲ್ಲೀತನಾ ಕೈ ಹಚ್ಚಬ್ಯಾಡ್ರಿ. ಕೀಳಬಾರದು, ಕತ್ತರಿ ಅಂತೂ ಹಚ್ಚಲೇಬಾರದು. ಎಷ್ಟು ತುಂಡ ಆಗ್ತೈತಿ, ಅಷ್ಟೂ ಹೊಸಾವು ಹುಟ್ಟತಾವ."

ಧರ್ಮರಾಜ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದ. ಕೊನೆಯ ಮೂರನ್ನು ಲೆಕ್ಕಿಸಲಿಲ್ಲ.

ಪಡಸಾಲೆಯಲ್ಲಿ ನಬಿಲಾಲ ಕಾಕಾ ಮೊಳಕೈತನಕ ತೋಯ್ದ ಕೈಯನ್ನು ಹೆಗಲ ಮೇಲಿನ ವಸ್ತ್ರಕ್ಕೆ ಒರೆಸಿಕೊಳ್ಳುತ್ತಿದ್ದರು. ಸುನೀತಾ ಕತ್ತರಿ ತೊಳೆಯಲು ಒಯ್ಯುತ್ತಿದ್ದಳು.

"ಆತು ತಮ್ಮಾ, ನಿನಗ್ಯಾಕ ತ್ರಾಸ" ಎಂದರು ಕಾಕಾ. "ಬುಡಕ್ಕ ಕತ್ತರಿಸೇನಿ. ಹೊರಗ ಒಗದ್ರ ಹಾಳು ಅಂತ ಸಣ್ಣಗ ಹೆಚ್ಚಿ ಅದ್ರಾಗನ ಬಿಟ್ಟೇನಿ. ನಿನ್ನ ಹವಳಕ್ಕ ಗೊಬ್ಬರ ಆಗ್ತೈತಿ."

ತೊಟ್ಟಿಯ ಪಂಪು ಚೆನ್ನಾಗಿ ತಿರುಗುತ್ತಿತ್ತು. ನೀರಿನ ಸೆಳೆತದಲ್ಲಿ ಕಂದು ಚೂರುಗಳು ತೊಟ್ಟಿಯ ಉದ್ದಗಲಕ್ಕೂ ಸುತ್ತಿ, ಒಂದೊಂದಾಗಿ, ಆರಾಮಾಗಿ, ಒಂದೊಂದು ಕಲ್ಲಿನ ಮೇಲೆ ಇಳಿಯುತ್ತಿದ್ದವು. ಧರ್ಮರಾಜ ಇಪ್ಪತ್ತಾರರವರೆಗೆ ಎಣಿಸಿದ. ಕಿವಿಯ ಹತ್ತಿರ ಮಂಜೂರ "ಹಲೋ, ಸರ, ಹಲೋ" ಎನ್ನುತ್ತಲೇ ಇದ್ದ.

ಪ್ರಿಯದರ್ಶಿನಿಯವರು ಮಾತ್ರ ಮುಖ ಸಣ್ಣದು ಮಾಡಿಕೊಂಡಿದ್ದರು.

"ಅದೊಂದ ಚಂದ ಇತ್ತು ನೋಡ್ರಿ, ಅದನ್ನೂ ತಗದ್ರು. ಅಂಥಾದು ಇನ್ನೊಂದು ಬರಂಗಿಲ್ಲೇನು ಧರ್ಮಣ್ಣಾರ?"

"ಬರ್ತಾವ್ರಿ ಅಕ್ಕಾರ" ಎಂದ ಧರ್ಮರಾಜ, ಕುರ್ಚಿ ಎಳೆದುಕೊಂಡು ಕೂಡುತ್ತ. "ಮುಂದಿನ ಸಭಾಕ್ಕ ಬರ್ರಿ. ಬರ್ತಾವ."